ಒಂಬತ್ತು ವರ್ಷ ಬಿಟ್ಟು ಮತ್ತೆ ಕಾಲೇಜಿಗೆ ಬಂದೋರು ಬಳ್ಳಾರಿಯಾಗೆ ಸದ್ದಿಲ್ಲದ ಸಿಂಗಲ್ ರೂಮು ಹುಡುಕೋದು ಹೆಂಗೆ

ಮೊದ್ಲೇ ಹೇಳಿಬಿಡ್ತೀನಿ, ನಾನು ರೂಮು ಹುಡುಕೋದ್ರಾಗೆ ಜಾಣ ಅಲ್ಲ. ಒಂದೇ ವರ್ಷದಾಗೆ ಮೂರು ರೂಮು ಬದ್ಲಾಯಿಸಿದೋನು, ಅದಕ್ಕೇ ಬರೀತಿದೀನಿ. ಡಿಗ್ರಿ ಮುಗಿಸಿ ತೋರಣಗಲ್ಲು ಕಡೆ ಒಂದು ಪ್ಲಾಂಟಿನಾಗೆ ಒಂಬತ್ತು ವರ್ಷ ಶಿಫ್ಟು ಮಾಡಿ, ಮದುವಿ ಆಗಿ, ಮಗಳು ಹುಟ್ಟಿ, ಆಮ್ಯಾಲೆ ತಲೆಗೆ ಏನು ಹೊಕ್ಕಿತೋ ಏನೋ ಎಂಎ ಮಾಡ್ತೀನಿ ಅಂತ ಬಳ್ಳಾರಿಗೆ ಬಂದೆ. ಕ್ಲಾಸಿನಾಗೆ ಎಲ್ಲಾರೂ 21-22ರ ಹುಡುಗ್ರು, ನಾನೊಬ್ಬನೇ 33. ಮೊದಲ್ನೇ ದಿನ ನಾನು ಒಳಗೆ ಹೋದ ತಕ್ಷಣ ಅರ್ಧ ಕ್ಲಾಸು ಎದ್ದು ನಿಂತಿತ್ತು, ಲೆಕ್ಚರರ್ ಬಂದ್ರು ಅನ್ಕೊಂಡು.

ರೂಮು ನೋಡೋಕೆ ಹೋದಾಗ ನಾವು ಕೇಳೋದೇನು? ಬಾಡಿಗಿ ಎಷ್ಟು, ಅಟ್ಯಾಚ್ ಬಾತ್‌ರೂಮು ಐತಾ, ವೈಫೈ ಐತಾ. ಸದ್ದು ಐತಾ ಅಂತ ಕೇಳಿದ್ರೆ ಮಾಲಕರು "ಏನೂ ಇಲ್ಲ ಸಾರ್, ಫುಲ್ ಸೈಲೆಂಟು" ಅಂತಾರೆ. ಅದು ಸುಳ್ಳೂ ಅಲ್ಲ, ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ನೋಡೋಕೆ ಹೋದಾಗ ಸೈಲೆಂಟೇ ಇರ್ತೈತೆ, ಎಲ್ಲಾರೂ ಕೆಲಸಕ್ಕೆ ಹೋಗಿರ್ತಾರಲ್ಲ. ಮೂರು ಸಲ ಅಡ್ವಾನ್ಸ್ ಕಟ್ಟಿದ ಮ್ಯಾಲೆ ನನಗೆ ತಿಳಿದದ್ದು ಇಷ್ಟೇ, ಕಾಲೇಜಿಗೆ ಇದ್ದಂಗೆ ಪ್ರತಿ ರೂಮಿಗೂ ಒಂದು ಟೈಮ್‌ಟೇಬಲ್ ಇರ್ತೈತೆ, ಯಾವ ಸದ್ದು ಎಷ್ಟೊತ್ತಿಗೆ ಶುರು ಎಷ್ಟೊತ್ತಿಗೆ ಬಂದ್ ಅಂತ. ಅದನ್ನ ನಿಮ್ಮ ಟೈಮ್‌ಟೇಬಲ್ ಪಕ್ಕಕ್ಕೆ ಇಟ್ಟು ನೋಡ್ಬೇಕು. ಸದ್ದೇ ಇಲ್ಲದ ರೂಮು ಬಳ್ಳಾರಿಯಾಗೆ ಇಲ್ಲ, ಅದನ್ನ ಹುಡುಕೋಕೆ ಹೋಗಬ್ಯಾಡ್ರಿ, ನೀವು ಓದೋ ಹೊತ್ತಿಗೆ, ಮಲಗೋ ಹೊತ್ತಿಗೆ ಬಾಯಿ ಮುಚ್ಕೊಂಡಿರೋ ರೂಮು ಹುಡುಕ್ರಿ.

ಮೊದ್ಲು ನಿಮ್ದು ಬರ್ಕೊಳ್ರಿ

ಒಂದು ಹಾಳೆ ತಗೊಂಡು ಒಂದು ವಾರ ನೀವು ನಿಜವಾಗ್ಲೂ ಯಾವಾಗ ಓದ್ತೀರಿ ಯಾವಾಗ ಮಲಗ್ತೀರಿ ಬರೀರಿ. ಓದ್ಬೇಕು ಅಂತ ಇರೋ ಟೈಮ್ ಅಲ್ಲ, ಓದೋ ಟೈಮ್. ನಾನು ರಾತ್ರಿ ಹನ್ನೆರಡರ ತಂಕ ಓದ್ತೀನಿ ಅನ್ಕೊಂಡಿದ್ದೆ, ಬರೆದು ನೋಡಿದ್ರೆ ಒಂಬತ್ತೂವರೆಗೆ ಪುಸ್ತಕ ಎದಿ ಮ್ಯಾಲೆ ಬಿದ್ದಿರ್ತಿತ್ತು, ನಿಜವಾದ ಓದು ಬೆಳಗಿನ ಜಾವ ನಾಲ್ಕರಿಂದ ಏಳು. ಶಿಫ್ಟು ಮಾಡಿದ ದೇಹ ಅದು, ಫಸ್ಟ್ ಶಿಫ್ಟಿನ ಬಸ್ಸು ಬರೋ ಹೊತ್ತಿಗೆ ತಾನೇ ಏಳ್ತೈತೆ. ಹಂಗಾಗಿ ನನಗೆ ರಾತ್ರಿ ಹತ್ತಕ್ಕೆ ಸದ್ದು ನಿಲ್ಲೋ ರೂಮು, ಬೆಳಿಗ್ಗೆ ಏಳರ ತಂಕ ಶುರು ಆಗದ ರೂಮು ಬೇಕಿತ್ತು, ಸಾಯಂಕಾಲ ಆರಕ್ಕೆ ಪಕ್ಕದಾಗೆ ಬ್ಯಾಂಡು ಬಾರಿಸಿದ್ರೂ ನನಗೇನು. ನಿಮ್ದು ಉಲ್ಟಾ ಇರಬಹುದು.

ಎರಡನೇದು, ಯಾವ ಸದ್ದು ನಿಮಗೆ ಆಗಲ್ಲ ಅಂತ. ಫ್ಯಾನು, ಕೂಲರು, ದೂರದ ಲಾರಿ, ಇಂಥ ಒಂದೇ ಸಮ ಬರೋ ಸದ್ದಿಗೆ ಮೂರ್ನಾಲ್ಕು ದಿನಕ್ಕೆ ಕಿವಿ ಒಗ್ಗಿಬಿಡ್ತೈತೆ. ಮಾತು ಹಂಗಲ್ಲ. ಪಕ್ಕದ ರೂಮಿನ ಮಾತು ಸಣ್ಣಕ್ಕೇ ಕೇಳಿದ್ರೂ ಅರ್ಥ ಆಗೋ ಮಾತಾದ್ರೆ ಓದೋ ಸಾಲು ತಪ್ಪಿಹೋಗ್ತೈತೆ, ಯಾಕಂದ್ರೆ ಪುಸ್ತಕ ಓದೋ ಜಾಗಕ್ಕೇ ಆ ಮಾತೂ ಬಂದು ಕೂಡ್ತೈತೆ. ನಮ್ಮ ಕ್ಲಾಸಿನಾಗೆ ಶಿವಮೊಗ್ಗ ಕಡೆಯ ಹುಡುಗ ಒಬ್ಬ ಇದ್ದ, ಅವನ ಕಿಟಕಿ ಕೆಳಗೇ ಚಾದಂಗಡಿ, ಮೂರು ಹೊತ್ತೂ ತೆಲುಗು ಮಾತು, ಅವನಿಗೆ ತೆಲುಗು ಒಂದಕ್ಷರ ಬರಲ್ಲ, ಆರಾಮಾಗಿ ಓದ್ತಿದ್ದ. ನಮಗೆ ಬಳ್ಳಾರಿಯವ್ರಿಗೆ ಎರಡೂ ಬರ್ತೈತೆ, ತಪ್ಪಿಸ್ಕೊಳ್ಳೋ ದಾರಿನೇ ಇಲ್ಲ.

ಮೂರನೇದು, ಮನೆ ಮಠ ಮಾಡ್ಕೊಂಡು ವಾಪಸ್ ಓದೋಕೆ ಬಂದೋರಿಗೆ ಮಾತ್ರ. ನಿಮಗೆ ಸದ್ದು ಕೇಳಬಾರದು ಅನ್ನೋದು ಒಂದು, ನಿಮ್ಮ ಸದ್ದು ಬ್ಯಾರೆಯವ್ರಿಗೆ ಕೇಳಬಾರದು ಅನ್ನೋದು ಇನ್ನೊಂದು. ನನ್ನ ಮಗಳು ಸಂಡೂರಾಗೆ ಅವರಮ್ಮನ ಜೊತೆ ಇದ್ಲು, ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್ ಮಾಡಿ ಕಥಿ ಹೇಳು ಅಂತಿದ್ಲು, ನರಿ ಕೂಗಿದಂಗೆ ಕೂಗಿ ತೋರಿಸ್ಬೇಕಿತ್ತು. ಶೇರಿಂಗ್ ರೂಮಿನಾಗೆ ಇಬ್ಬರು ಹುಡುಗ್ರ ಮುಂದೆ ಎಷ್ಟು ದಿನ ನರಿ ಆಗ್ತೀರಿ ನೀವು? ಸಾಲದ ಮಾತು, ಆಸ್ಪತ್ರೆ ಮಾತು, ಮನೆಯವ್ರ ಜೊತೆ ಜಗಳದ ಮಾತು, ಇವೆಲ್ಲಾ ಇರ್ತಾವೆ. ನಾನು ಸಿಂಗಲ್ಲೇ ಬೇಕು ಅಂತ ಹಟ ಹಿಡಿದದ್ದು ಓದಿಗಿಂತ ಇದಕ್ಕೇ ಜಾಸ್ತಿ.

ಹಾಸ್ಟೆಲ್ಲಾಗೆ ಸಿಂಗಲ್ ಕೇಳೋದು

ಸರ್ಕಾರದ ಪೋಸ್ಟ್ ಮೆಟ್ರಿಕ್ ಹಾಸ್ಟೆಲ್ಲು ಆನ್‌ಲೈನ್ ಅರ್ಜಿ ಮ್ಯಾಲೆ ಸಿಗ್ತಾವೆ, ಆದ್ರೆ ಅಲ್ಲಿ ಒಂದು ರೂಮಿಗೆ ನಾಲ್ಕೈದು ಮಂದಿ ಇರೋದೇ ಜಾಸ್ತಿ, ಸಿಂಗಲ್ ಅನ್ನೋ ಮಾತು ಎತ್ತಿದ್ರೆ ನಗ್ತಾರೆ. ಹಾಸ್ಟೆಲ್ ಸಿಗದೋರಿಗೆ ವಿದ್ಯಾಸಿರಿ ಅಂತ ಊಟ-ವಸತಿ ಸಹಾಯಧನ ಐತೆ, ಎಸ್‌ಎಸ್‌ಪಿ ಅಂದ್ರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಾಗೆ ಅರ್ಜಿ, ಜಾತಿ-ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಕೇಳ್ತಾರೆ, ಹೊರಗೆ ರೂಮು ಮಾಡೋರು ನಿಮಗೆ ಅನ್ವಯ ಆಗ್ತೈತಾ ಅಂತ ಒಂದ್ಸಲ ನೋಡ್ಕೊಳ್ರಿ. ಕಾಲೇಜು, ಯೂನಿವರ್ಸಿಟಿ ಹಾಸ್ಟೆಲ್ಲುಗಳಲ್ಲಿ ಸಿಂಗಲ್ ರೂಮು ಇದ್ರೆ ಸಾಮಾನ್ಯವಾಗಿ ಪಿಎಚ್‌ಡಿ ಮಾಡೋರಿಗೆ ಇಲ್ಲಾ ಫೈನಲ್ ಇಯರ್‌ನೋರಿಗೆ ಹೋಗ್ತಾವೆ. ವಯಸ್ಸಾದೋರು ಅಂತ ಒಂದು ಕೋಟಾ ಎಲ್ಲೂ ಇಲ್ಲ.

ಆದ್ರೂ ಕೇಳ್ಬೇಕು. ಬಾಯಿಮಾತಿಗೆ ಕೇಳಬ್ಯಾಡ್ರಿ, ಒಂದು ಹಾಳಿ ಮ್ಯಾಲೆ ಬರೆದು ಕೊಡ್ರಿ, ವಯಸ್ಸು, ಎಷ್ಟು ವರ್ಷ ಕೆಲಸ ಮಾಡಿದೀರಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಲೈಟ್ ಹಾಕ್ತೀನಿ ಅದ್ರಿಂದ ರೂಮ್‌ಮೇಟಿಗೆ ತೊಂದರೆ ಅಂತ. ಈ ಕೊನೇದು ಕೆಲಸ ಮಾಡ್ತೈತೆ. "ನನಗೆ ತೊಂದರೆ ಆಗ್ತೈತೆ" ಅಂದ್ರೆ ವಾರ್ಡನ್ನು "ಅಡ್ಜಸ್ಟ್ ಮಾಡ್ಕೊಳ್ರಿ" ಅಂತಾರೆ, "ನನ್ನಿಂದ ಹುಡುಗ್ರಿಗೆ ತೊಂದರೆ" ಅಂದ್ರೆ ಯೋಚನೆ ಮಾಡ್ತಾರೆ. ನಮ್ಮ ವಾರ್ಡನ್ ಸರ್ ನನಗಿಂತ ಎಲ್ಡು ವರ್ಷ ಸಣ್ಣೋರು, ನನ್ನ ಏನಂತ ಕರೀಬೇಕು ಅನ್ನೋದೇ ಅವ್ರಿಗೆ ತಿಳೀತಿರಲಿಲ್ಲ, "ನೀವು... ಅಂದ್ರೆ... ನೀನು ಫಸ್ಟ್ ಇಯರ್ ಏನ್ರಿ?" ಅಂತ ಕೇಳಿದ್ರು. ಮೂರು ಸಲ ಹೋದ ಮ್ಯಾಲೆ, ಒಬ್ಬ ಹುಡುಗ ಅರ್ಧಕ್ಕೆ ಬಿಟ್ಟುಹೋದಾಗ ಕರೆದು ಕೊಟ್ರು. ಜುಲೈ-ಆಗಸ್ಟ್ ಅಡ್ಮಿಷನ್ ಗದ್ದಲದಾಗೆ ಸಿಗದ ಸಿಂಗಲ್ಲು ಸೆಮಿಸ್ಟರ್ ಮಧ್ಯೆ ಹಿಂಗೆ ಸಿಗ್ತೈತೆ, ಅದಕ್ಕೆ ಮೊದಲ ಸಲ ಇಲ್ಲ ಅಂದ್ರೂ ಹಾಳಿ ಕೊಟ್ಟು ಬರ್ರಿ.

ಈಗ ಯಾವ ರೂಮು ಅನ್ನೋದು. ಒಂದೇ ಬಿಲ್ಡಿಂಗಿನಾಗೆ ಸ್ವರ್ಗ ನರಕ ಎರಡೂ ಇರ್ತಾವೆ. ಮೆಟ್ಟಿಲ ಪಕ್ಕದ್ದು ಬ್ಯಾಡ, ಟಿವಿ ಹಾಲಿನ ಪಕ್ಕದ್ದು ಬ್ಯಾಡ, ಕುಡಿಯೋ ನೀರಿನ ಫಿಲ್ಟರ್ ಹತ್ರದ್ದಂತೂ ಬ್ಯಾಡವೇ ಬ್ಯಾಡ, ಯಾಕಂದ್ರೆ ರಾತ್ರಿ ಹನ್ನೊಂದಕ್ಕೆ ಬಾಟ್ಲಿ ತುಂಬಿಸೋಕೆ ಬಂದೋರು ಅಲ್ಲೇ ನಿಂತು ಅರ್ಧ ಗಂಟೆ ಲವ್ ಸ್ಟೋರಿ ಹೇಳ್ತಾರೆ. ಬಾತ್‌ರೂಮಿಗೆ ಅಂಟಿದ ಗೋಡೆ ಇದ್ರೆ ಗೋಡೆಗೆ ಕಿವಿ ಇಟ್ಟು, ಒಬ್ಬರಿಗೆ ಮ್ಯಾಲಿನ ಫ್ಲೋರಿನಾಗೆ ಫ್ಲಶ್ ಮಾಡೋಕೆ ಹೇಳ್ರಿ, ಪೈಪು ಗೋಡೆ ಒಳಗೇ ಹೋಗಿದ್ರೆ ಗೊತ್ತಾಗ್ತೈತೆ. ಕಾರಿಡಾರಿನ ಕೊನೇ ರೂಮು ಒಳ್ಳೇದು, ಒಂದು ಕಡೆ ಗೋಡೆಗೆ ಪಕ್ಕದೋರು ಇರಲ್ಲ, ಕದದ ಮುಂದೆ ಓಡಾಟನೂ ಕಮ್ಮಿ, ಆದ್ರೆ ಆ ಕೊನಿ ರೋಡಿನ ಕಡೆ ಇದ್ರೆ ಲಾಭ ಎಲ್ಲಾ ಹೋಯ್ತು. ವಾರ್ಡನ್ ರೂಮಿನ ಆಜುಬಾಜು ಯಾರೂ ತಗಳ್ಳಲ್ಲ, ಹುಡುಗ್ರಿಗೆ ಭಯ, ನಮಗೇನು ಭಯ? ಅದೇ ಕೇಳ್ರಿ.

ಮೆಸ್ಸಿನ ಅಡಿಗಿ ಮನೆ ಎಲ್ಲೈತೆ ಅಂತ ನೋಡೋದು ಮರೀಬ್ಯಾಡ್ರಿ. ನಮ್ಮ ಕಡೆ ಅಡಿಗಿ ಅಂದ್ರೆ ರೊಟ್ಟಿ. ಇನ್ನೂರು ರೊಟ್ಟಿ ತಟ್ಟಬೇಕು ಅಂದ್ರೆ ಅಮ್ಮಂದ್ರು ಬೆಳಿಗ್ಗೆ ನಾಲ್ಕೂವರೆಗೆ ಬಂದು ಕೂಡ್ತಾರೆ, ತಪ ತಪ ತಪ ತಪ, ಅದರ ಜೊತೆ ಅವರ ಮಾತು. ಕೆಳಗೆ ಅಡಿಗಿ ಮನೆ ಇದ್ರೆ ಆ ಸದ್ದು ನೆಲದಿಂದ ಮಂಚದ ಕಾಲಿಗೆ, ಕಾಲಿಂದ ದಿಂಬಿಗೆ ಬರ್ತೈತೆ. ಏಳರ ತಂಕ ಮಲಗೋರಿಗೆ ಇದು ಶಾಪ. ನನಗೆ ಮಾತ್ರ ಅದು ಒಂದೇ ಸಮ ಬರೋ ಸದ್ದು, ಓದೋಕೆ ಏನೂ ಅಡ್ಡಿ ಆಗಲಿಲ್ಲ. ಅದಕ್ಕೇ ನಾನು ಟೈಮ್‌ಟೇಬಲ್ ಟೈಮ್‌ಟೇಬಲ್ ಅಂತ ಬಡ್ಕೊಳ್ಳೋದು.

ಬ್ಯಾರೆ ಊರಾಗೆ ಯಾರನ್ನ ಕೇಳಿದ್ರೂ ಟಾಪ್ ಫ್ಲೋರ್ ತಗೋ, ತಲಿ ಮ್ಯಾಲೆ ಯಾರೂ ಓಡಾಡಲ್ಲ ಅಂತಾರೆ. ಬಳ್ಳಾರಿಯಾಗೆ ಆ ಮಾತು ಕೇಳಬ್ಯಾಡ್ರಿ. ಏಪ್ರಿಲ್ ಮೇನಾಗೆ ಇಲ್ಲಿ ಬಿಸಿಲು 40 ಡಿಗ್ರಿ ದಾಟ್ತೈತೆ, ಹಗಲೆಲ್ಲಾ ಕಾದ ಸ್ಲ್ಯಾಬು ರಾತ್ರಿ ಒಂದು ಗಂಟೆ ತಂಕ ರೂಮಿನೊಳಗೆ ಬಿಸಿ ಬಿಡ್ತಾನೇ ಇರ್ತೈತೆ, ಫ್ಯಾನು ಹಾಕಿದ್ರೆ ಬಿಸಿಗಾಳಿ, ಕೊನಿಗೆ ಕೂಲರ್ ತರ್ತೀರಿ, ಆ ಕೂಲರಿನ ಸದ್ದಿಗೆ ಮ್ಯಾಲಿನೋರ ಕಾಲು ಸಪ್ಪಳನೇ ವಾಸಿ ಇತ್ತು ಅನ್ಸ್ತೈತೆ. ಅದ್ರ ಮ್ಯಾಲೆ ಬ್ಯಾಸಿಗಿ ರಾತ್ರಿ ಅರ್ಧ ಹಾಸ್ಟೆಲ್ಲು ಚಾಪಿ ಹಿಡ್ಕೊಂಡು ಮಾಳಿಗಿಗೆ ಬರ್ತೈತೆ, ಅಂದ್ರೆ ತಲಿ ಮ್ಯಾಲೆ ಯಾರೂ ಇರಲ್ಲ ಅನ್ನೋದೂ ಸುಳ್ಳೇ. ಟಾಪ್‌ಗಿಂತ ಒಂದು ಕೆಳಗೆ, ಉತ್ತರಕ್ಕೋ ಪೂರ್ವಕ್ಕೋ ಕಿಟಕಿ ಇರೋದು, ಅದರ ಮ್ಯಾಲೆ ಸ್ಟೋರ್ ರೂಮು ಇಲ್ಲಾ ಬೀಗ ಹಾಕಿದ ರೂಮು ಇದ್ರೆ ಕಣ್ಣು ಮುಚ್ಕೊಂಡು ತಗೊಳ್ರಿ. ಪಡುವಣ ಗೋಡೆ ರೂಮು ಫ್ರೀಯಾಗಿ ಕೊಟ್ರೂ ಬ್ಯಾಡ.

ಹೊರಗೆ ರೂಮು ಮಾಡೋರಿಗೆ

ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಾಗೆ ಆದದ್ದು, ಕಂಟೋನ್ಮೆಂಟ್ ಕಡೆ ವಿನಾಯಕ ನಗರದಾಗೆ ಐತೆ, ಅಲ್ಲಿ ಓದೋರು ಅದೇ ಆಜುಬಾಜು ನೋಡ್ತಾರೆ. ಕಂಟೋನ್ಮೆಂಟ್ ಕಡೆ ಒಳ ಓಣಿಗಳು ಊರೊಳಗಿಂತ ತಣ್ಣಗೆ ಅವೆ. ರಾಯಲ್ ಸರ್ಕಲ್, ಮೋತಿ ಸರ್ಕಲ್ ಹತ್ರ ಬಸ್ಸಿಗೆ ಅನುಕೂಲ ಅಂತ ಮೇನ್ ರೋಡಿಗೆ ಹಚ್ಚಿ ರೂಮು ಮಾಡಿದ್ರೆ ಹಾರ್ನಿಗೆ ಬೈಕೋಬಾರದು. ಒಂದು ಮಾತು ನೆನಪಿಡ್ರಿ, ಮೇನ್ ರೋಡಿಂದ ಎಲ್ಡು ಮನಿ ಒಳಗೆ ಹೋದ್ರೂ ಸದ್ದು ಬಾಳ ಇಳೀತೈತೆ, ಮಧ್ಯೆ ಗೋಡೆಗಳು ಅಡ್ಡ ಬರ್ತಾವಲ್ಲ, ಅದಕ್ಕೆ ಏರಿಯಾ ಯಾವ್ದು ಅನ್ನೋಕ್ಕಿಂತ ರೋಡಿಂದ ಎಷ್ಟನೇ ಮನಿ ಅನ್ನೋದು ಮುಖ್ಯ.

ರೈಲು. ನಮ್ಮ ಊರಿನ ಮ್ಯಾಲೆ ಅದಿರಿನ ಗೂಡ್ಸು ಹಗಲು ರಾತ್ರಿ ಅನ್ನದೇ ಹೋಗ್ತಾವೆ. ಮಂದಿ ಏನ್ ಮಾಡ್ತಾರೆ ಅಂದ್ರೆ ರೈಲ್ವೆ ಗೇಟು ಕಂಡ್ರೆ ಅಲ್ಲಿ ಬ್ಯಾಡ ಅಂತಾರೆ, ಗೇಟಿಂದ ಅರ್ಧ ಕಿಲೋಮೀಟರ್ ಆಚೆ ಹಳಿ ಪಕ್ಕ ತಗೊಂಡು ಬಚಾವಾದೆ ಅಂತಾರೆ. ಡ್ರೈವರು ಹಾರ್ನು ಹೊಡೆಯೋಕೆ ಶುರು ಮಾಡೋದು ಗೇಟಿನಾಗೆ ಅಲ್ಲ, ಗೇಟು ಬರೋಕ್ಕಿಂತ ಬಾಳ ಮುಂಚೆ ಸೀಟಿ ಬೋರ್ಡು ಇರ್ತೈತಲ್ಲ, ಅಲ್ಲಿಂದ. ನನ್ನ ಎರಡನೇ ರೂಮು ಸರಿಯಾಗಿ ಅಂಥಾ ಬೋರ್ಡಿನ ಎದುರಿಗೆ ಇತ್ತು. ರಾತ್ರಿ ಎರಡೂ ಹತ್ತಕ್ಕೆ ಒಂದು, ಮೂರೂ ಇಪ್ಪತ್ತಕ್ಕೆ ಒಂದು. ಮೊದಲ್ನೇ ರಾತ್ರಿ ನಾನು ಪ್ಲಾಂಟಿನಾಗೇ ಇದೀನಿ, ಏನೋ ಆಗೈತೆ ಅಂತ ಎದ್ದು ಚಪ್ಪಲಿ ಹಾಕ್ಕೊಂಡಿದ್ದೆ.

ಜೀನ್ಸು. ಬಳ್ಳಾರಿ ಜೀನ್ಸು ದೇಶಕ್ಕೆಲ್ಲಾ ಹೋಗ್ತೈತೆ ಸರಿ, ಆ ಪ್ಯಾಂಟು ಹೊಲಿಯೋ ಮೆಷಿನ್ನು ಎಲ್ಲಿರ್ತಾವೆ? ಕೌಲ್ ಬಜಾರ್ ಕಡೆ ಹೋಗಿ ನೋಡ್ರಿ, ಮನಿ ಒಳಗೇ, ಮಾಳಿಗಿ ಮ್ಯಾಲೇ ನಾಲ್ಕು-ಆರು ಮೆಷಿನ್ ಹಾಕ್ಕೊಂಡು ಹೊಲೀತಾರೆ. ಬೋರ್ಡು ಇರಲ್ಲ. ನನ್ನ ಮೊದಲ್ನೇ ರೂಮಿನ ಕೆಳಗೆ ಹಂಗೆ ಒಂದು ಇತ್ತು, ನಾನು ನೋಡೋಕೆ ಹೋಗಿದ್ದು ಭಾನುವಾರ, ಅವತ್ತು ಅವ್ರಿಗೆ ರಜಾ. ಪೀಸ್ ರೇಟಿನ ಕೆಲಸ ಅದು, ಎಷ್ಟು ಹೊಲಿದ್ರೆ ಅಷ್ಟು ದುಡ್ಡು, ಹಬ್ಬ ಬಂತು ಅಂದ್ರೆ ರಾತ್ರಿ ಒಂದರ ತಂಕ ಗರ್ ಗರ್ ಗರ್, ಹಗಲು ಕರೆಂಟು ಹೋಗಿದ್ರಂತೂ ಆ ಬಾಕಿ ಎಲ್ಲಾ ರಾತ್ರಿಗೇ. ಅವರ ಮ್ಯಾಲೆ ನನಗೆ ಸಿಟ್ಟಿಲ್ಲ, ಅವರ ಹೊಟ್ಟಿಪಾಡು, ನಾನೂ ಶಿಫ್ಟು ಮಾಡಿದೋನು. ರೂಮು ನೋಡೋಕೆ ಹೋದಾಗ ಓಣಿಯಾಗೆ ನೆಲ ನೋಡ್ರಿ, ನೀಲಿ ದಾರ, ನೀಲಿ ಬಟ್ಟಿ ಚೂರು ಬಿದ್ದಿದ್ರೆ ಆಜುಬಾಜು ಮೆಷಿನ್ ಐತೆ ಅಂತ ಅರ್ಥ. ಈ ಒಂದು ಮಾತಿಗೇ ನೀವು ನನಗೆ ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ ಕೊಡಿಸ್ಬೇಕು.

ನೀರು. "ನಲ್ಲಿ ನೀರು ಯಾವಾಗ ಬಿಡ್ತಾರೆ?" ಅಂತ ಓಣಿಯವ್ರನ್ನ ಕೇಳ್ರಿ, ಇದು ನೀರಿಗಾಗಿ ಕೇಳೋ ಪ್ರಶ್ನೆ ಅಲ್ಲ, ಸದ್ದಿಗಾಗಿ. ನಮ್ಮ ಕಡೆ ನೀರು ದಿನಾ ಬರಲ್ಲ, ಬಂದ ದಿನ ಎಷ್ಟೊತ್ತಿಗೆ ಬರ್ತೈತೋ ಅಷ್ಟೊತ್ತಿಗೆ ಇಡೀ ಓಣಿ ಎದ್ದು ಮೋಟ್ರು ಹಾಕ್ತೈತೆ, ಕೊಡ, ಡ್ರಮ್ಮು, ಪೈಪಿನ ಜಗಳ. ರಾತ್ರಿ ಎರಡಕ್ಕೆ ಬಿಡೋ ಓಣಿನೂ ನೋಡಿದೀನಿ. ಸಂಪು ನಿಮ್ಮ ಕಿಟಕಿ ಕೆಳಗೆ ಇದ್ರೆ ಮೋಟ್ರು ನಿಮ್ಮ ತಲಿ ಒಳಗೇ ಓಡ್ತೈತೆ, ಸಿಂಟೆಕ್ಸು ಮ್ಯಾಲೆ ಇದ್ರೆ ತುಂಬಿ ಸುರಿಯೋ ಸದ್ದು ಬ್ಯಾರೆ.

ಇನ್ನು ಕಲ್ಯಾಣ ಮಂಟಪ. ಇದ್ರಾಗೆ ಎಲ್ಲಾರೂ ಮೋಸ ಹೋಗ್ತಾರೆ, ಯಾಕೆ ಹೇಳ್ತೀನಿ ಕೇಳ್ರಿ. ನಾವು ರೂಮು ಹುಡುಕೋದು ಅಡ್ಮಿಷನ್ ಟೈಮಿನಾಗೆ, ಜೂನ್ ಕೊನಿ, ಜುಲೈ. ಅದು ಆಷಾಢ. ಆಷಾಢದಾಗೆ ಯಾರ್ರೀ ಮದುವಿ ಮಾಡ್ತಾರೆ? ಮಂಟಪಕ್ಕೆ ಬೀಗ, ಮುಂದೆ ನಾಯಿ ಮಲಗಿರ್ತೈತೆ, ನಾವು ಆಹಾ ಎಷ್ಟು ಪ್ರಶಾಂತ ಅಂತ ಅಡ್ವಾನ್ಸ್ ಕೊಡ್ತೀವಿ. ಶ್ರಾವಣ ಬಂತು, ಗಣೇಶ ಬಂದ, ಆಮ್ಯಾಲೆ ಮಾಘ, ವೈಶಾಖ, ಸರಿಯಾಗಿ ಎಕ್ಸಾಮಿನ ಆಜುಬಾಜು ದಿನಾ ಡಿಜೆ. ಬೇಸ್ ಸದ್ದು ಗೋಡೆಗೂ ನಿಲ್ಲಲ್ಲ ಕಿಟಕಿ ಮುಚ್ಚಿದ್ರೂ ನಿಲ್ಲಲ್ಲ, ಸ್ಟೀಲ್ ಲೋಟ ತಾನೇ ಕುಣೀತೈತೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತಂಕ ಹೊರಗೆ ಲೌಡ್‌ಸ್ಪೀಕರ್ ಹಾಕಂಗಿಲ್ಲ, ವರ್ಷಕ್ಕೆ 15 ದಿನ ಮೀರದಂಗೆ ಹಬ್ಬಕ್ಕೆ ಅಂತ ಸರ್ಕಾರ ಹನ್ನೆರಡರ ತಂಕ ಬಿಡಬಹುದು ಅಷ್ಟೇ. ಹತ್ತು ದಾಟಿದ್ರೆ 112ಕ್ಕೆ ಫೋನ್ ಮಾಡಬಹುದು, ಮಾಡಿದೀನಿ, ನಿಂತೂ ಐತೆ, ಆದ್ರೆ ಹತ್ತರ ಒಳಗಿಂದು ನೀವೇ ನುಂಗ್ಕೋಬೇಕು. ಸುಲಭದ ದಾರಿ ಮ್ಯಾಪಿನಾಗೆ ಸುತ್ತ ಮುತ್ತ ಮಂಟಪ, ಫಂಕ್ಷನ್ ಹಾಲ್ ಎಷ್ಟವೆ ಅಂತ ಮೊದ್ಲೇ ನೋಡೋದು. ಕನಕ ದುರ್ಗಮ್ಮನ ಜಾತ್ರಿಯ ಸಿಡಿಬಂಡಿ ದಿನ ಊರೇ ಎದ್ದು ಕುಂತಿರ್ತೈತೆ, ಅವತ್ತು ಓದ್ತೀನಿ ಅಂತ ಕೂತ್ರೆ ತಪ್ಪು ನಮ್ದೇ, ಎದ್ದು ಹೋಗಿ ಬಂಡಿ ನೋಡ್ರಿ.

ಹಂಗೇ ಕೊಪ್ಪಳದಾಗೆ ಓದೋರು ಜನವರಿಯ ಗವಿಮಠದ ಜಾತ್ರಿ ಲೆಕ್ಕಕ್ಕೆ ಇಟ್ಕೊಳ್ರಿ, ರಾಯಚೂರಿನೋರು ರೈಸ್ ಮಿಲ್ಲು, ಭತ್ತದ ಟ್ರ್ಯಾಕ್ಟರ್ ಹೋಗೋ ರೋಡು. ಊರು ಯಾವ್ದಾದ್ರೂ ಲೆಕ್ಕ ಒಂದೇ.

ಮಾಳಿಗಿ ಮ್ಯಾಲಿನ ಒಂಟಿ ರೂಮು ಅಂತ ಸಿಗ್ತಾವೆ, ಬಾಡಿಗಿ ಕಮ್ಮಿ, ಪಕ್ಕ ಗೋಡೆನೂ ಇಲ್ಲ, ಕೇಳೋಕೆ ಚೆಂದ. ಮ್ಯಾಲೆ ತಗಡಿನ ಶೀಟು ಇದ್ರೆ ಬ್ಯಾಡ. ಮಳಿ ಬಂದಾಗ ಮಾತಾಡಿದ್ದು ಕೇಳಲ್ಲ ಅದು ಎಲ್ಲಾರಿಗೂ ಗೊತ್ತು, ಗೊತ್ತಿಲ್ಲದ್ದು ಏನಂದ್ರೆ ಹಗಲು ಬಿಸಿಲಿಗೆ ಹಿಗ್ಗಿದ ತಗಡು ಸಂಜಿ ತಣ್ಣಗಾಗುವಾಗ ಟಣ್ಣ್... ಟಣ್ಣ್... ಅಂತ ಕುಗ್ತೈತೆ, ಯಾರೋ ಕಲ್ಲು ಒಗೆದಂಗೆ. ಮಂಗ್ಯಾಗಳು ಬಂದ್ರೆ ಅದು ಬ್ಯಾರೆ ಕಥಿ.

ನನ್ನ ಕಡಿಂದ ಒಂದು ಗಟ್ಟಿ ಸಲಹೆ, ಎಸ್ಸೆಸ್ಸೆಲ್ಸಿ ಇಲ್ಲಾ ಸೆಕೆಂಡ್ ಪಿಯು ಓದೋ ಮಕ್ಕಳಿರೋ ಮಾಲಕರ ಮನಿ ಹುಡುಕ್ರಿ. ಆ ಮನಿಯಾಗೆ ಒಂದು ವರ್ಷ ಟಿವಿ ಇರಲ್ಲ, ನೆಂಟ್ರು ಬರಲ್ಲ, ಕುಕ್ಕರ್ ಕೂಡ ಹೆದರಿಕೊಂಡು ಕೂಗ್ತೈತೆ. ಬದಲಿಗೆ ಏನಾಗ್ತೈತೆ ಅಂದ್ರೆ ಒಂದು ದಿನ ಅಮ್ಮನೋರು ಮ್ಯಾಲೆ ಬಂದು "ಅಣ್ಣಾರೆ, ನೀವು ಎಂಎ ಅಲ್ವಾ, ನಮ್ಮ ಹುಡುಗನಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡ್ರಲ್ಲ" ಅಂತಾರೆ. ಹೇಳಿಕೊಡ್ರಿ, ವಾರಕ್ಕೆ ಎಲ್ಡು ಗಂಟೆ ಹೋಗ್ತೈತೆ, ರೊಟ್ಟಿ ಪಲ್ಯ ಬರ್ತೈತೆ.

ನೋಡೋಕೆ ಹೋಗೋದು

ಮೂರು ಸಲ ಹೋಗ್ರಿ. ರಾತ್ರಿ ಹತ್ತರ ಮ್ಯಾಲೆ ಒಂದು, ಬೆಳಿಗ್ಗೆ ಐದಕ್ಕೆ ಒಂದು, ಕೆಲಸದ ದಿನ ಮಧ್ಯಾಹ್ನ ಒಂದು. ಒಳಗೆ ಬಿಡದಿದ್ರೆ ಕಿಟಕಿ ಕೆಳಗೆ ರೋಡಿನಾಗೆ ಬೈಕ್ ಆಫ್ ಮಾಡಿ ಹದಿನೈದು ನಿಮಿಷ ನಿಲ್ರಿ, ಯಾರಾದ್ರೂ ಅನುಮಾನದಿಂದ ನೋಡಿದ್ರೆ ಅವ್ರನ್ನೇ ಮಾತಾಡಿಸ್ರಿ, ಅವ್ರಿಗೇ ಎಲ್ಲಾ ಗೊತ್ತಿರ್ತೈತೆ. ನಮ್ಮ ಕ್ಲಾಸಿನ ಒಬ್ರು ಮೇಡಂ, ಅವ್ರೂ ಟೀಚರ್ ಕೆಲಸ ಬಿಟ್ಟು ಬಂದೋರು, ಲೇಡೀಸ್ ಹಾಸ್ಟೆಲ್ಲಿಗೆ ರಾತ್ರಿ ಹೋಗಿ ನೋಡೋಕೆ ಆಗಲ್ಲ ಅಂತ ಒಳಗಿದ್ದ ಹುಡುಗಿ ಒಬ್ಬಾಕಿಗೆ ಹೇಳಿ ರಾತ್ರಿ ಹತ್ತೂವರೆಗೆ, ಬೆಳಿಗ್ಗೆ ಐದಕ್ಕೆ ಐದೈದು ನಿಮಿಷ ವಾಯ್ಸ್ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಕಳಿಸ್ಕೊಂಡಿದ್ರು. ಎಂಥಾ ತಲಿ ನೋಡ್ರಿ.

ಒಳಗೆ ಹೋದ್ರೆ ಕದ ಮುಚ್ಚಿ, ಫ್ಯಾನ್ ಆಫ್ ಮಾಡಿ, ಫೋನ್ ಬದಿಗಿಟ್ಟು ಸುಮ್ಮನೆ ಕೂಡ್ರಿ. ಮಾಲಕರು ಮಾತಾಡ್ತಾನೇ ಇರ್ತಾರೆ, ಅವ್ರನ್ನ ಒಂದು ಲೋಟ ನೀರು ತರೋಕೆ ಕಳಿಸ್ರಿ. ಆಮ್ಯಾಲೆ ಫ್ಯಾನ್ ಹಾಕಿ ಎಲ್ಲಾ ನಂಬರಿಗೂ ಓಡಿಸಿ ಟಕ್ ಟಕ್ ಅಂತೈತಾ ನೋಡ್ರಿ, ಅದು ಸಣ್ಣ ರಿಪೇರಿ, ಬರೋಕ್ಕಿಂತ ಮುಂಚೆ ಮಾಡಿಸಿಕೊಡ್ರಿ ಅನ್ನಬಹುದು. ಲೈಟ್ ಆರಿಸಿ ಕದದ ಕೆಳಗೆ ನೋಡ್ರಿ, ಹೊರಗಿನ ಬೆಳಕು ಎಷ್ಟು ಒಳಗೆ ಬರ್ತೈತೋ ಅಲ್ಲಿಂದಲೇ ಸದ್ದೂ ಬರ್ತೈತೆ. ಕಾಲಿ ರೂಮು ಗುಂಯ್ ಅಂತೈತೆ ಅಂತ ಹೆದರಬ್ಯಾಡ್ರಿ, ಹಾಸಿಗಿ ಬಟ್ಟಿ ಬಂದ ಮ್ಯಾಲೆ ಅದು ಹೋಗ್ತೈತೆ.

ಫೋನಿನಾಗೆ ಸದ್ದು ಅಳಿಯೋ ಆ್ಯಪ್ ಅವೆ. ವಸತಿ ಏರಿಯಾಕ್ಕೆ ನಿಯಮದ ಪ್ರಕಾರ ಹಗಲು 55, ರಾತ್ರಿ 45 ಡೆಸಿಬೆಲ್. ಫೋನಿನ ಲೆಕ್ಕ ಕರಾರುವಾಕ್ಕು ಇರಲ್ಲ, ಅದನ್ನ ಹಿಡ್ಕೊಂಡು ಮಾಲಕರ ಜೊತೆ ವಾದಕ್ಕೆ ಇಳಿಬ್ಯಾಡ್ರಿ, ಆದ್ರೆ ಒಂದೇ ಫೋನಿನಾಗೆ ಎಲ್ಡು ರೂಮು ಒಂದೇ ಹೊತ್ತಿಗೆ ಅಳೆದ್ರೆ ಯಾವ್ದು ವಾಸಿ ಅಂತ ತಿಳೀತೈತೆ. ಹತ್ತು ಡೆಸಿಬೆಲ್ ಜಾಸ್ತಿ ಅಂದ್ರೆ ಕಿವಿಗೆ ಹತ್ರ ಹತ್ರ ಡಬಲ್ ಸದ್ದು ಕೇಳಿದಂಗೆ. ಆಸ್ಪತ್ರೆ, ಕಾಲೇಜು, ಕೋರ್ಟಿನ ಸುತ್ತ 100 ಮೀಟರ್ ಸೈಲೆನ್ಸ್ ಝೋನು ಅಂತ ಐತಲ್ಲ, ಅಲ್ಲಿ ತಗೊಳ್ಳೋಣ ಅಂತ ಯೋಚನೆ ಬಂದ್ರೆ, ಆಂಬುಲೆನ್ಸಿನ ಸೈರನ್ನಿಗೆ ಯಾವ ಝೋನೂ ಇಲ್ಲ ಅಂತ ನೆನಪಿರ್ಲಿ.

ಕೊನಿಗೆ ಕೇಳೋ ಪ್ರಶ್ನೆ, ಮುಂಚೆ ಇದ್ದೋರು ಯಾಕೆ ಬಿಟ್ರು ಅಂತ. ಮಾಲಕರನ್ನ ಅಲ್ಲ, ಎದುರಿನ ಕಿರಾಣಿ ಅಂಗಡಿಯೋರನ್ನ. ಹಾಸ್ಟೆಲ್ ಆದ್ರೆ ವಾಚ್‌ಮನ್ ಅಣ್ಣನ್ನ. ನಮ್ಮ ವಾಚ್‌ಮನ್ ನಾನು ಕೇಳಿದ್ದಕ್ಕೆ "ಆ ರೂಮು ಬ್ಯಾಡ ಸಾರ್, ಅದ್ರ ಪಕ್ಕ ಗಿಟಾರ್ ಕಲಿಯೋ ಹುಡುಗ ಅವ್ನೆ, ಮೂರು ವರ್ಷದಿಂದ ಕಲೀತಾನೇ ಅವ್ನೆ" ಅಂದ.

ಸಿಕ್ಕ ಮ್ಯಾಲೆ

ಸಣ್ಣ ಸಣ್ಣ ಕೆಲಸ. ಕದದ ಸಂದಿಗೆ ಹಾರ್ಡ್‌ವೇರ್ ಅಂಗಡಿಯಾಗೆ ಸಿಗೋ ರಬ್ಬರ್ ಪಟ್ಟಿ ಹಚ್ರಿ, ಇದ್ರಷ್ಟು ಫರಕು ಬ್ಯಾರೆ ಯಾವ್ದ್ರಿಂದಲೂ ಆಗಲ್ಲ. ಮಂಚ ಪಕ್ಕದೋರ ಗೋಡೆಗೆ ತಾಕಿಸಬ್ಯಾಡ್ರಿ, ಆ ಗೋಡೆಗೆ ಪುಸ್ತಕದ ಕಪಾಟು ಇಡ್ರಿ. ನಮ್ಮವ್ವ ಕೊಟ್ಟ ದಪ್ಪನ ಕೌದಿ ಒಂದನ್ನ ಕದದ ಒಳಗಿಂದ ಮೊಳಿ ಹೊಡೆದು ತೂಗು ಹಾಕಿದೀನಿ, ಕಾರಿಡಾರಿನ ಮಾತು ಕೇಳ್ತೈತೆ ಆದ್ರೆ ಏನ್ ಮಾತು ಅಂತ ತಿಳಿಯಲ್ಲ, ಅಷ್ಟು ಸಾಕು. ಕಿಟಕಿ ಪರದಿಯಿಂದ ಸದ್ದು ನಿಲ್ತೈತೆ ಅಂತ ಮಾರೋರು ಹೇಳ್ತಾರೆ, ನಂಬಬ್ಯಾಡ್ರಿ, ಗುಂಯ್ ಅನ್ನೋದು ಕಮ್ಮಿ ಆಗ್ತೈತೆ ಅಷ್ಟೇ. ಕಿವಿಗೆ ಹಾಕೋ ಫೋಮ್ ಇಯರ್‌ಪ್ಲಗ್ಗು ಸಸ್ತಾ, ಆದ್ರೆ ಸುಮ್ಮನೆ ತುರುಕಿದ್ರೆ ಆಗಲ್ಲ, ಬೆರಳಿನಾಗೆ ಬತ್ತಿ ಹೊಸೆದಂಗೆ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಲಿಂದ ಕಿವಿ ಮ್ಯಾಲಕ್ಕೆ ಎಳೆದು ಒಳಗೆ ಇಟ್ಟು ಅದು ಉಬ್ಬೋ ತಂಕ ಹಿಡ್ಕೋಬೇಕು. ಅಲಾರಾಮ್ ಕೇಳಲ್ಲ, ಫೋನ್ ವೈಬ್ರೇಟಿಗೆ ಹಾಕಿ ದಿಂಬಿನ ಕವರ್ ಹತ್ರ ಇಟ್ಕೊಳ್ರಿ.

ಪಕ್ಕದ ರೂಮಿನ ಹುಡುಗ್ರ ಜೊತೆ ಮೊದಲ್ನೇ ವಾರವೇ ಮಾತಾಡ್ರಿ, ಗಲಾಟಿ ಆದ ದಿನ ಅಲ್ಲ, ಅದಕ್ಕಿಂತ ಮುಂಚೆ. ನಾನು ಒಂದು ಕಿಲೋ ಮಂಡಾಳು, ಮಿರ್ಚಿ ಕಟ್ಟಿಸ್ಕೊಂಡು ಹೋಗಿ ಕೂತು, "ನೋಡ್ರಪ್ಪಾ, ನಾನು ಹತ್ತಕ್ಕೆ ಮಲಗಿ ನಾಲ್ಕಕ್ಕೆ ಏಳ್ತೀನಿ, ಹತ್ತರ ತಂಕ ನೀವು ಏನಾದ್ರೂ ಮಾಡ್ಕೊಳ್ರಿ ನಾನು ಕೇಳಲ್ಲ" ಅಂದೆ. "ಆಯ್ತು ಅಂಕಲ್" ಅಂದ್ರು. ಅಂಕಲ್ ಅಂದದ್ದು ಸ್ವಲ್ಪ ಚುಚ್ಚಿತು, ಆದ್ರೆ ಹತ್ತಕ್ಕೆ ಸ್ಪೀಕರ್ ಬಂದ್ ಮಾಡ್ತಾರೆ. ಐಪಿಎಲ್ ಟೈಮಿನಾಗೆ ಮಾತ್ರ ಈ ಒಪ್ಪಂದ ನಡಿಯಲ್ಲ, ಆ ಎಲ್ಡು ತಿಂಗಳು ನಾನೇ ಹೋಗಿ ಅವರ ಜೊತೆ ಕೂಡ್ತೀನಿ. ವಾರ್ಡನ್ನಿಗೆ ಕಂಪ್ಲೇಂಟ್ ಕೊಡೋದು ಕೊನೇ ದಾರಿ, ಒಂದ್ಸಲ ಕೊಟ್ರೆ ಆಮ್ಯಾಲೆ ವರ್ಷ ಪೂರ್ತಿ ಕದ ಬಡಿದು ಓಡಿ ಹೋಗ್ತಾರೆ.

ಹೊರಗೆ ರೂಮು ಮಾಡೋರು ಅಡ್ವಾನ್ಸ್ ಪೂರ್ತಿ ಕೊಡೋಕ್ಕಿಂತ ಮುಂಚೆ, ಒಂದು ತಿಂಗಳ ಬಾಡಿಗಿ ಕೊಟ್ಟು ಇದ್ದು ನೋಡ್ತೀನಿ ಅಂತ ಕೇಳ್ರಿ, ಹತ್ತರಾಗೆ ಇಬ್ಬರು ಒಪ್ತಾರೆ. 11 ತಿಂಗಳ ಅಗ್ರಿಮೆಂಟ್ ಮಾಡೋದಾದ್ರೆ ಒಂದು ತಿಂಗಳು ಮುಂಚೆ ಹೇಳಿ ಬಿಡಬಹುದು, ಅಡ್ವಾನ್ಸ್ ವಾಪಸ್ಸು ಅಂತ ಒಂದು ಸಾಲು ಬರೆಸ್ರಿ, ನಾನು ಬರೆಸಿರಲಿಲ್ಲ, ಜೀನ್ಸ್ ರೂಮಿನ ಅಡ್ವಾನ್ಸ್ ಅರ್ಧ ಅಲ್ಲೇ ಉಳೀತು.

ಮುಂದಿನ ವರ್ಷಕ್ಕೆ ಸಿಂಗಲ್ ಬೇಕು ಅನ್ನೋರು ಜುಲೈ ತಂಕ ಕಾಯಬ್ಯಾಡ್ರಿ, ಫೈನಲ್ ಇಯರ್‌ನೋರು ಹಾಲ್ ಟಿಕೆಟ್ ತಗೊಳ್ಳೋ ವಾರ ಹೋಗಿ ಯಾರು ಯಾವ ರೂಮು ಬಿಡ್ತಾರೆ ಅಂತ ಅವ್ರನ್ನೇ ಕೇಳಿ, ಕೂತು ನೋಡಿ, ನಂಬರ್ ಸಮೇತ ಹಾಳಿ ಮ್ಯಾಲೆ ಬರೆದು ವಾರ್ಡನ್ನಿಗೆ ಕೊಟ್ಟು ಬರ್ರಿ. ಬೀಗ ಮಾತ್ರ ನಿಮ್ದೇ ಹೊಸದು ತರ್ರಿ, ಹಳೇ ಬೀಗದ ಕೀಲಿ ಎಷ್ಟು ಹುಡುಗ್ರ ಹತ್ರ ಐತೋ ಯಾರಿಗೆ ಗೊತ್ತು.